ನೂರು ನಡೆಯ ಊರು

ಆ ಊರಿಗೆ ಬೀದಿ ಎರಡು, ಕಟ್ಟೆ ಒಂದು, ಕೀಬೋರ್ಡು ಒಂದು.

ಕಟ್ಟೆಯ ಎಡಕ್ಕೆ ಮೂಡಲ ಬೀದಿಯವರು ಕೂರುತ್ತಿದ್ದರು, ಬಲಕ್ಕೆ ಪಡುವಲ ಬೀದಿಯವರು. ನಡುವೆ ಒಂದು ಕಲ್ಲಿನ ಮೇಜು, ಮೇಜಿನ ಮೇಲೆ ಕೆಂಪು ಬಟ್ಟೆ ಹೊದ್ದ ಕೀಬೋರ್ಡು. ಅದನ್ನು ನುಡಿಸುವವಳು ಎರಡು ಬೀದಿಗೂ ಸೇರದವಳು. ಅವಳ ಮನೆ ಕಟ್ಟೆಯ ಬೆನ್ನಿಗೇ ಇತ್ತು. ಅವಳಿಗಿಂತ ಮೊದಲು ಅವಳ ಸೋದರತ್ತೆ ನುಡಿಸುತ್ತಿದ್ದಳು. ಅದೇ ಮನೆಯಲ್ಲಿ ಬಾಳಿ ಅದೇ ಮನೆಯಲ್ಲಿ ತೀರಿಕೊಂಡಳು.

ಕೀಬೋರ್ಡಿನ ಒಳಗೆ ನೂರು ನಡೆಗಳಿದ್ದವು. ಗುಂಡಿ ಒತ್ತಿ ಒಂದು ಅಂಕಿ ಆರಿಸಿ, ಎಡಗೈ ಬೆರಳನ್ನು ಒಂದು ಕೀ ಮೇಲೆ ಇಟ್ಟರೆ ಸಾಕು, ಮದ್ದಳೆ, ತಂತಿ, ಕೊಳಲು, ಗೆಜ್ಜೆ ಎಲ್ಲವೂ ತಾವಾಗಿ ಹೊರಟುಬಿಡುತ್ತಿದ್ದವು. ಬೆರಳು ಸರಿದರೆ ಅವೂ ಸ್ವರ ಬದಲಿಸಿ ಬೆರಳಿನ ಹಿಂದೆ ಬರುತ್ತಿದ್ದವು. ಬಾರಿಸುವ ಕೈ ಕಾಣುತ್ತಿರಲಿಲ್ಲ, ದಣಿಯುವ ಮೈ ಇರಲಿಲ್ಲ. ಊರಿನವರು ಆ ಕಾಣದ ಮೇಳಕ್ಕೆ ‘ಒಳಗಿನವರು’ ಎನ್ನುತ್ತಿದ್ದರು. ತೊಟ್ಟಿಲಿಗೆ ಹನ್ನೆರಡನೆಯ ನಡೆ, ಮದುವೆಗೆ ಇಪ್ಪತ್ತಾರನೆಯದು, ಹೊಸ ಮನೆ ಹೊಗುವುದಕ್ಕೆ ಐವತ್ತೊಂದನೆಯದು, ಸಾವಿಗೆ ನಲವತ್ತನೆಯದು. ಒಳಗಿನವರ ನಡೆಯಿಲ್ಲದೆ ಆ ಊರಿನಲ್ಲಿ ಯಾರೂ ಹಾಡುವಂತಿರಲಿಲ್ಲ.

ಈ ಕಟ್ಟಳೆ ಸುಮ್ಮನೆ ಬಂದದ್ದಲ್ಲ. ಮೂವತ್ತು ವರ್ಷದ ಹಿಂದೆ ಎರಡು ಬೀದಿಗೂ ಬೇರೆ ಬೇರೆ ಡೋಲು, ಬೇರೆ ಬೇರೆ ತಾಳ. ಒಂದು ದಿನ ಎರಡು ಮೆರವಣಿಗೆ ಕಟ್ಟೆಯ ಬಳಿ ಎದುರುಬದುರಾದವು. ಒಂದು ತಾಳದೊಳಗೆ ಇನ್ನೊಂದು ಸಿಕ್ಕಿಕೊಂಡಿತು. ಯಾರೋ ಕೇಳಿದರು, “ಇದು ಯಾರ ತಾಳ?” ಯಾರೋ ಉತ್ತರ ಕೊಟ್ಟರು. ಸಂಜೆಯ ಹೊತ್ತಿಗೆ ಹನ್ನೊಂದು ಹೆಣ ಬಿದ್ದಿದ್ದವು. ಆಮೇಲೆ ಊರಿನವರು ಡೋಲುಗಳನ್ನೆಲ್ಲ ಹಾಳುಬಾವಿಗೆ ಎಸೆದು ಕೀಬೋರ್ಡು ತಂದರು. ಅದರ ತಾಳವನ್ನು ಯಾವ ಬೀದಿಯ ಕೈಯೂ ಬಾರಿಸಿದ್ದಲ್ಲ, ಆದ್ದರಿಂದ ಅದು ಯಾರದೂ ಅಲ್ಲ. ಅಂದಿನಿಂದ ಊರಿನಲ್ಲಿ ಒಂದು ಏಟೂ ಬಿದ್ದಿರಲಿಲ್ಲ.

ನುಡಿಸುವವಳಿಗೆ ಸೋದರತ್ತೆ ಕಲಿಸಿದ್ದು ಎರಡೇ ಪಾಠ. “ಬಲಗೈ ಹಾಡಿನ ಜೊತೆ ಹೋಗಲಿ, ಎಡಗೈ ಒಂದು ಕೀ ಮೇಲೆ ಕೂತಿರಲಿ, ಮಿಕ್ಕದ್ದನ್ನು ಒಳಗಿನವರು ನೋಡಿಕೊಳ್ಳುತ್ತಾರೆ” ಎನ್ನುವುದು ಮೊದಲನೆಯದು. ಎರಡನೆಯದನ್ನು ಹೇಳುವಾಗ ಅವಳು ಹುಡುಗಿಯ ಎರಡೂ ಕೈಗಳನ್ನು ಹಿಡಿದುಕೊಂಡಿದ್ದಳು. “ನಡೆ ಹೊರಟ ಮೇಲೆ ನಡುವೆ ಕತ್ತರಿಸಬೇಡ. ಮುಕ್ತಾಯದ ಗುಂಡಿ ಒತ್ತು, ಅವರಾಗಿ ನಿಲ್ಲಲಿ. ನಡುವೆ ಕತ್ತರಿಸಿದವಳಿಗೆ ಈ ಊರಲ್ಲಿ ಜಾಗವಿಲ್ಲ ಮಗಳೇ.”

ಇಪ್ಪತ್ತೆರಡು ವರ್ಷ ಅವಳು ನುಡಿಸಿದಳು. ಒಮ್ಮೆಯೂ ಕತ್ತರಿಸಲಿಲ್ಲ.

ಆ ದಿನ ಬೆಳಿಗ್ಗೆ, ಬಿಸಿಲು ಇನ್ನೂ ಹೆಂಚಿನ ಮೇಲೆಯೇ ಇರುವಾಗ, ಕಟ್ಟೆಯ ಯಜಮಾನ ಅವಳ ಬಾಗಿಲಿಗೆ ಬಂದ. ಊರಿನ ಕಟ್ಟಳೆ ಕಾಯುವವನು ಅವನೇ. ಎತ್ತರದ ಮುದುಕ, ಕಿವಿ ಚುರುಕು, ಮಾತು ಕಡಿಮೆ.

“ಮೂಡಲ ಬೀದಿಯಲ್ಲಿ ಸಾವಾಗಿದೆ” ಎಂದ. “ಡೋಲಿನ ಹಾಲಯ್ಯ. ನಲವತ್ತು ಹಾಕಬೇಕು.”

ಹಾಲಯ್ಯ ಡೋಲು ಬಾರಿಸಿ ಮೂವತ್ತು ವರ್ಷವಾಗಿತ್ತು. ಆದರೂ ಆ ಹೆಸರು ಹೋಗಿರಲಿಲ್ಲ. ಆ ಜಗಳದ ದಿನ ಯಾರದೋ ಕೋಲು ಬಿದ್ದು ಅವನ ಎಡಗಾಲು ಮುರಿದಿತ್ತು, ಸರಿಯಾಗಿ ಕೂಡಲೇ ಇಲ್ಲ. ತನ್ನ ಡೋಲನ್ನು ಎಲ್ಲರಿಗಿಂತ ಮೊದಲು ಬಾವಿಗೆ ಎಸೆದವನೂ ಅವನೇ. ಆಮೇಲೆ ಅವನು ಕಟ್ಟೆಯ ಬಳಿಗೆ ಬಂದದ್ದು ಕಡಿಮೆ. ಕುಂಟುತ್ತ ಕೋಲೂರಿಕೊಂಡು ಹೆಂಡತಿಯ ಹಿಂದೆ ಹೊಳೆಗೆ ಹೋಗುವುದನ್ನು, ಬರುವುದನ್ನು ಊರು ದಿನಾ ನೋಡುತ್ತಿತ್ತು.

ಆ ಊರಿನಲ್ಲಿ ಸತ್ತವರನ್ನು ಕಳಿಸಿಕೊಡುವುದಕ್ಕೆ ಒಂದು ಕ್ರಮವಿತ್ತು. ಸತ್ತವರಿಗೆ ಎಲ್ಲರಿಗಿಂತ ಹತ್ತಿರದವರು ಕಟ್ಟೆಯ ಮುಂದೆ ನಿಂತು ಒಂದು ಹಾಡು ಹೇಳಬೇಕು. ಯಾವ ಹಾಡಾದರೂ ಆಗಬಹುದು, ಆದರೆ ನಡೆಯೊಳಗೆ ಕೂರಬೇಕು. ಕೂರದಿದ್ದರೆ ಇನ್ನೊಮ್ಮೆ, ಮತ್ತೂ ಕೂರದಿದ್ದರೆ ಮಗದೊಮ್ಮೆ. ಮೂರನೆಯ ಸಲವೂ ತಪ್ಪಿದರೆ ಹೆಣ ಹಾಡಿಲ್ಲದೆ ಹೋಗಬೇಕು. ಸತ್ತವನ ಹೆಸರನ್ನು ಮತ್ತೆ ಊರಿನಲ್ಲಿ ಯಾರೂ ಎತ್ತಬಾರದು. ಹಾಡಿದವರು ಹೊತ್ತು ಮುಳುಗುವ ಮೊದಲು ಬಡಗಣ ಬಾಗಿಲಿನಿಂದ ಆಚೆ ಹೋಗಬೇಕು. ಹಾಗೆ ಹೋದವರನ್ನು ನುಡಿಸುವವಳು ಕಣ್ಣಾರೆ ಕಂಡಿರಲಿಲ್ಲ. ಸೋದರತ್ತೆ ಇಬ್ಬರನ್ನು ಕಂಡಿದ್ದಳು. ಅವರ ಹೆಸರನ್ನು ಅವಳು ಸಾಯುವವರೆಗೂ ಹೇಳಲಿಲ್ಲ.

ಚಟ್ಟವನ್ನು ಕಟ್ಟೆಯ ಮುಂದೆ ಇಳಿಸಿದರು. ಎಡಕ್ಕೆ ಒಂದು ಬೀದಿ ಕೂತಿತು, ಬಲಕ್ಕೆ ಒಂದು ಬೀದಿ ಕೂತಿತು. ಹಾಲಯ್ಯನ ಹೆಂಡತಿ ತಲೆಯ ಮೇಲೆ ಸೆರಗು ಹೊದ್ದು ಹೆಣದ ಕಾಲ ಬಳಿ ನಿಂತಳು. ಮಕ್ಕಳಿಲ್ಲದವಳು. ನುಡಿಸುವವಳು ಕೆಂಪು ಬಟ್ಟೆ ತೆಗೆದು ಮಡಿಸಿದಳು. ನಾಲ್ಕು, ಸೊನ್ನೆ. ಪುಟ್ಟ ಗಾಜಿನಲ್ಲಿ ಅಂಕಿ ಕೆಂಪಗೆ ಹೊತ್ತಿತು. ಎಡಗೈ ಬೆರಳು ಇಳಿಯಿತು, ಒಳಗಿನವರು ಹೊರಟರು. ಒಂದು ಎರಡು ಮೂರು ನಾಲ್ಕು, ಒಂದು ಎರಡು ಮೂರು ನಾಲ್ಕು, ತಗ್ಗಿದ ಮದ್ದಳೆ, ಎಳೆದ ತಂತಿ.

ಹೆಂಗಸು ಬಾಯಿ ತೆರೆದಳು.

“ದಾರಿ ದೂರ…”

ಧ್ವನಿ ಒಣಗಿತ್ತು, ಆದರೆ ಗಟ್ಟಿ. ನಾಲ್ಕು ಅಕ್ಷರ ನಾಲ್ಕು ಎಣಿಕೆಯೊಳಗೆ ಬಂದು ಕೂತವು. ಆಮೇಲೆ ಅವಳು ಸುಮ್ಮನಾದಳು, ಯಾರನ್ನೋ ಕಾಯುವವಳ ಹಾಗೆ. ಮತ್ತೆ ಎತ್ತಿದಳು, “ಹೊಳೆ ನೀರು…”

ತಪ್ಪಿತು. ಒಳಗಿನವರು ಒಂದು ಎಣಿಕೆ ಹಿಂದೆ ಉಳಿದಿದ್ದರು. ಅವಳು ಮುಂದೆ ಹೋಗಿದ್ದಳು. ಮೂರನೆಯ ಸಾಲಿಗೆ ಇನ್ನೂ ದೂರವಾಯಿತು. ಬಲಗಡೆಯಲ್ಲಿ ಯಾರೋ ಕೆಮ್ಮಿದರು, ಎಡಗಡೆಯಲ್ಲಿ ಯಾರೋ ತಿರುಗಿ ನೋಡಿದರು. ನುಡಿಸುವವಳು ಮುಕ್ತಾಯದ ಗುಂಡಿ ಒತ್ತಿದಳು. ಒಳಗಿನವರು ತಮ್ಮ ಅಂದಚಂದದ ಮುಕ್ತಾಯವನ್ನು ಪೂರ್ತಿ ಬಾರಿಸಿ ನಿಂತರು.

ಯಜಮಾನ ಕೈ ಎತ್ತಿದ. “ಒಂದು.”

ಎರಡನೆಯ ಸಲ ನುಡಿಸುವವಳು ನಲವತ್ತನ್ನು ಬಿಟ್ಟು ನಲವತ್ತಮೂರು ಹಾಕಿದಳು. ಅದು ಮೂರೆಣಿಕೆಯ ನಡೆ, ತುಸು ತೂಗಾಡುವಂಥದ್ದು, ದೂರ ಹೋದವರ ನೆನಪಿಗೆ ಹಾಕುವಂಥದ್ದು. ವೇಗವನ್ನೂ ಇಳಿಸಿದಳು. ಹೆಂಗಸು ಹಾಡಿದಳು, ನಿಂತಳು, ಹಾಡಿದಳು. ಈ ಸಲವೂ ಎರಡನೆಯ ಸಾಲಿಗೇ ಕಾಲುಜಾರಿತು. ಕೂತವರಲ್ಲಿ ಕೆಲವರು ತಮಗೇ ತಿಳಿಯದೆ ಪಾದದಲ್ಲಿ ತಾಳ ಹಾಕತೊಡಗಿದರು. ಮೂಡಲ ಬೀದಿಯವರದು ಒಂದು ಬಗೆ, ಪಡುವಲ ಬೀದಿಯವರದು ಇನ್ನೊಂದು ಬಗೆ. ಯಜಮಾನ ಅದನ್ನು ಕೇಳಿಸಿಕೊಂಡ. ಅವನ ಮುಖ ಸುಣ್ಣದಂತಾಯಿತು.

“ಎರಡು” ಎಂದ. “ಪಾದ ಆಡಿಸಬೇಡಿ. ಎಲ್ಲರೂ ಪಾದ ಅಲುಗಿಸದೆ ಕೂತುಕೊಳ್ಳಿ.”

ಮೂರನೆಯದಕ್ಕೆ ಇಳಿಹೊತ್ತಿನ ತನಕ ಬಿಡುವು ಕೊಟ್ಟ. ಯಾರೂ ಮನೆಗೆ ಹೋಗಲಿಲ್ಲ.

ಕಟ್ಟೆಯ ಹಿಂದೆ ಗೋಡೆಯ ನೆರಳಿನಲ್ಲಿ ಹಾಲಯ್ಯನ ಹೆಂಡತಿ ಕಾಲು ಚಾಚಿ ಕೂತಿದ್ದಳು. ನುಡಿಸುವವಳು ಒಂದು ಚೊಂಬು ನೀರು ತಂದು ಪಕ್ಕದಲ್ಲಿ ಕೂತಳು.

“ಅಕ್ಕಾ, ಬೇರೆ ಹಾಡು ಬರೋಲ್ಲವಾ ನಿನಗೆ?”

“ಬರ್ತದೆ. ಮದುವೆ ಹಾಡು ಬರ್ತದೆ, ತೊಟ್ಟಿಲ ಹಾಡು ಬರ್ತದೆ. ಆದರೆ ಅವರದು ಅಂತ ಇರೋದು ಇದೊಂದೇ, ತಂಗಿ.”

“ಮತ್ತೆ ಸಾಲಿನ ಮಧ್ಯೆ ಯಾಕೆ ನಿಲ್ಲಿಸ್ತೀಯ? ಅಲ್ಲೇ ತಪ್ಪೋದು.”

ಹೆಂಗಸು ನೀರು ಕುಡಿದು ಚೊಂಬನ್ನು ಕೆಳಗಿಟ್ಟಳು. “ಅಲ್ಲಿ ಅವರದು ಬರ್ತಿತ್ತು. ಹೊಳೆಗೆ ಹೋಗುವಾಗ ನಾನು ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಲ್ತಿದ್ದೆ. ‘ದಾರಿ ದೂರ’ ಅಂತಿದ್ದೆ. ಅವರು ಕೋಲು ಊರಿ, ಆ ಕಾಲು ಎಳೆದು, ಮೂರೇ ಹೆಜ್ಜೇಲಿ ನನ್ನ ಸೇರ್ತಿದ್ದರು. ಸೇರ್ತಾ ‘ಬಂದೆನೇ’ ಅಂತಿದ್ದರು. ನಂದು ನಾಲ್ಕು, ಅವರದು ಮೂರು. ಹೋಗ್ತಾ ಹಂಗೆ, ಬರ್ತಾ ಹಂಗೆ. ಮೂವತ್ತು ವರ್ಷ.”

ನುಡಿಸುವವಳು ಮಡಿಲಲ್ಲಿ ಬೆರಳು ಮಡಿಸಿದಳು. ದಾ, ರಿ, ದೂ, ರ. ಬಂ, ದೆ, ನೇ. ಏಳು. ನೂರು ನಡೆಗಳು ಅವಳಿಗೆ ಬಾಯಿಪಾಠವಾಗಿದ್ದವು. ನಾಲ್ಕರದು ಎಪ್ಪತ್ತೊಂದು, ಮೂರರದು ಇಪ್ಪತ್ತೊಂಬತ್ತು. ಏಳರದು ಒಂದೂ ಇರಲಿಲ್ಲ.

“ಅಕ್ಕಾ, ಒಂದು ಮಾತು ಹೇಳ್ತೀನಿ, ಕೇಳು. ನೀನು ಕಾಯೋ ಜಾಗದಲ್ಲಿ ಇನ್ನೊಂದೇ ಒಂದು ಎಣಿಕೆ ಹೆಚ್ಚು ಕಾದುಬಿಡು. ಎಂಟಾಗ್ತದೆ. ನಲವತ್ತರಲ್ಲಿ ಕೂತುಬಿಡ್ತದೆ. ಯಾರಿಗೂ ಗೊತ್ತಾಗೋಲ್ಲ.”

ಹೆಂಗಸು ಅವಳನ್ನೇ ನೋಡಿದಳು.

“ಅವರು ಯಾವತ್ತೂ ಅಷ್ಟು ತಡ ಮಾಡಿದವರಲ್ಲ” ಎಂದಳು.

ನುಡಿಸುವವಳು ಹೆಂಗಸಿನ ಕೈ ಹಿಡಿದಳು. “ಅವರ ಹೆಸರು ಉಳೀಬೇಕಕ್ಕಾ. ನೀನು ಮನೇಲಿ ಇರಬೇಕು. ಬಡಗಣ ಬಾಗಿಲಾಚೆ ಏನಿದೆ ಅಂತ ಯಾರಿಗೆ ಗೊತ್ತು? ಒಂದೇ ಒಂದು ಎಣಿಕೆ.”

“ನೋಡ್ತೀನಿ” ಎಂದಳು ಹೆಂಗಸು. “ಅವರ ಹೆಸರಿಗೋಸ್ಕರ ನೋಡ್ತೀನಿ.”

ನುಡಿಸುವವಳು ಎದ್ದು ಬರುವಾಗ ಗೋಡೆಯ ಮೂಲೆಯಲ್ಲಿ ಯಜಮಾನ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದನೆಂದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು.

“ಆಗ್ತದಾ?” ಎಂದು ಕೇಳಿದ.

“ಕಷ್ಟ, ಯಜಮಾನರೇ. ಏಳನ್ನು ಎಂಟು ಮಾಡಬೇಕು.”

“ಮಾಡಿಸು ತಾಯಿ.” ಅವನು ಧ್ವನಿ ತಗ್ಗಿಸಿದ. “ಅವರ ಪಾದ ನೋಡಿದೆಯಾ? ಮೂವತ್ತು ವರ್ಷವಾಯಿತು, ಪಾದ ಮರೆತಿಲ್ಲ. ಈ ಊರಿನಲ್ಲಿ ಹನ್ನೊಂದು ಹೆಣವನ್ನು ಒಟ್ಟಿಗೆ ಹೊತ್ತವನು ನಾನು. ನಡೆ ಒಮ್ಮೆ ಹರಿದರೆ ಮತ್ತೆ ಹೊರುವುದಕ್ಕೆ ನನ್ನ ಹೆಗಲಿನಲ್ಲಿ ಶಕ್ತಿಯಿಲ್ಲ. ಹೇಗಾದರೂ ಮಾಡಿ ಮುಗಿಸು. ಅವಳು ಮುಗಿಸದಿದ್ದರೂ ನೀನು ಮುಗಿಸು. ಮುಕ್ತಾಯದ ಗುಂಡಿ ನಿನ್ನ ಕೈಯಲ್ಲೇ ಇದೆಯಲ್ಲ.”

ಅವಳು ತಲೆ ಎತ್ತಿ ನೋಡಿದಳು. ಕಟ್ಟಳೆ ಕಾಯುವವನೇ ಕಳ್ಳದಾರಿ ತೋರಿಸುತ್ತಿದ್ದ.

ಇಳಿಹೊತ್ತಾಯಿತು. ಕಟ್ಟೆಯ ನೆರಳು ಚಟ್ಟದವರೆಗೆ ಚಾಚಿತು. ಎಡಕ್ಕೆ ಕೂತವರ ಹಿಂದೆ ಕೆಲವರು ಎದ್ದು ನಿಂತಿದ್ದರು, ಬಲಕ್ಕೆ ಕೂತವರ ಹಿಂದೆಯೂ ನಿಂತಿದ್ದರು. ನಿಂತವರ ಕೈಗಳು ಬೆನ್ನ ಹಿಂದೆ ಇದ್ದವು. ಕೈಯಲ್ಲಿ ಏನಿದೆ ಎಂದು ಕಾಣುತ್ತಿರಲಿಲ್ಲ.

ನಾಲ್ಕು, ಸೊನ್ನೆ. ಬೆರಳು ಇಳಿಯಿತು, ಒಳಗಿನವರು ಹೊರಟರು.

“ದಾರಿ ದೂರ…” ಹೆಂಗಸು ನಿಂತಳು. ಒಂದು, ಎರಡು, ಮೂರು. ತುಟಿ ಕಚ್ಚಿಕೊಂಡು ನಾಲ್ಕನ್ನೂ ಕಾದಳು. “ಹೊಳೆ ನೀರು…” ಕೂತಿತು. ಮೊದಲ ಸಲ ಹಾಡೂ ನಡೆಯೂ ಒಂದಾದವು. ಎರಡೂ ಬೀದಿಗಳು ಒಟ್ಟಿಗೆ ಉಸಿರು ಬಿಟ್ಟದ್ದು ನುಡಿಸುವವಳಿಗೆ ಕೇಳಿಸಿತು. ಯಜಮಾನ ಕಣ್ಣು ಮುಚ್ಚಿದ. ಹೆಂಗಸು ಮತ್ತೆ ಕಾದಳು. ಒಂದು, ಎರಡು, ಮೂರು, ನಾಲ್ಕು. “ಮುಳ್ಳು ಕಲ್ಲು…”

ಕೂತಿತು. ಇನ್ನು ಒಂದೇ ಸಾಲು.

ಒಂದು, ಎರಡು, ಮೂರು. ನಾಲ್ಕನೆಯ ಎಣಿಕೆಗೆ ಹೆಂಗಸು ಗಂಡನ ಮುಖದ ಕಡೆಗೆ ತಿರುಗಿದಳು. ಮೂವತ್ತು ವರ್ಷ ಬಾರದೇ ಇದ್ದ ಆ ಒಂದು ಎಣಿಕೆಯಲ್ಲಿ ಅವಳು ನಿಜವಾಗಿ ಕಾದಳು, ಅವನು ನಿಜವಾಗಿ ಬರಲಿಲ್ಲ. ಅವಳ ಬಾಯಿ ತೆರೆದೇ ಇತ್ತು, ಧ್ವನಿ ಹೊರಡಲಿಲ್ಲ.

ಒಳಗಿನವರು ಮುಂದೆ ಹೋದರು. ಒಂದು ಎರಡು ಮೂರು ನಾಲ್ಕು. ಮದ್ದಳೆ ಅಷ್ಟೇ ಹದವಾಗಿ ಬಿತ್ತು. ಒಂದು ಎರಡು ಮೂರು ನಾಲ್ಕು. ಕೊಳಲು ಅಷ್ಟೇ ಇಂಪಾಗಿ ಏರಿತು. ಎದುರಿಗೆ ಒಬ್ಬ ಹೆಂಗಸು ಬಾಯಿ ತೆರೆದು ನಿಂತಿದ್ದಾಳೆ ಎನ್ನುವುದು ಅವರಿಗೆ ಗೊತ್ತಿರಲಿಲ್ಲ.

ನುಡಿಸುವವಳ ಬಲಗೈ ಮುಕ್ತಾಯದ ಗುಂಡಿಯ ಮೇಲೆ ಹೋಯಿತು. ಯಜಮಾನ ಕಣ್ಣು ತೆರೆದು ಅವಳನ್ನೇ ನೋಡಿದ. ಗದ್ದವನ್ನು ಕೂದಲೆಳೆಯಷ್ಟು ತಗ್ಗಿಸಿದ. ಒತ್ತು. ಒತ್ತಿದರೆ ಮುಕ್ತಾಯ ಬರುತ್ತದೆ, ಹಾಡು ಮುಗಿಯಿತು ಎಂದು ನಾನು ಹೇಳುತ್ತೇನೆ, ಹೆಸರು ಉಳಿಯುತ್ತದೆ, ಹೆಂಗಸು ಮನೆಗೆ ಹೋಗುತ್ತಾಳೆ. ಅವನು ಬಾಯಿಬಿಟ್ಟು ಹೇಳದಿದ್ದರೂ ಇಷ್ಟೆಲ್ಲ ಅವಳಿಗೆ ಕೇಳಿಸಿತು.

ಅವಳು ಹೆಂಗಸಿನ ಕಡೆ ನೋಡಿದಳು. ಹೆಂಗಸು ಬೇಡ ಎನ್ನುವಂತೆ ತಲೆಯಾಡಿಸಿದಳು. ಇಷ್ಟೇ ಇಷ್ಟು.

ನುಡಿಸುವವಳು ಬೆರಳನ್ನು ಪಕ್ಕದ ಗುಂಡಿಗೆ ಸರಿಸಿದಳು. ಇಪ್ಪತ್ತೆರಡು ವರ್ಷದಲ್ಲಿ ಅದರ ಮೇಲೆ ಕೂತಿದ್ದ ದೂಳನ್ನು ಒರೆಸಿದ್ದಳೇ ಹೊರತು ಒತ್ತಿರಲಿಲ್ಲ. ಒತ್ತಿದಳು.

ಒಳಗಿನವರು ನಿಂತರು. ಅರ್ಧ ಏಟಿನಲ್ಲಿ, ಅರ್ಧ ಉಸಿರಿನಲ್ಲಿ.

ಕಟ್ಟೆಯ ಮುಂದೆ ಊರು ನೆರೆದಿರುವಾಗ ಇಂಥ ಮೌನ ಬಿದ್ದು ಮೂವತ್ತು ವರ್ಷವಾಗಿತ್ತು. ಒಂದು ಕೂಸು ಅಳಲು ಬಾಯಿ ತೆರೆದು, ತನ್ನ ಸದ್ದಿಗೆ ತಾನೇ ಹೆದರಿ ಸುಮ್ಮನಾಯಿತು. ಯಜಮಾನ ಕೂತಲ್ಲಿಂದ ಎದ್ದ. ಎಡಗಡೆಯವರು ಎದ್ದರು. ಬಲಗಡೆಯವರು ಎದ್ದರು. ನುಡಿಸುವವಳಿಗೆ ಓಡಿಹೋಗಬೇಕೆನಿಸಿತು, ಕೈ ಮಾತ್ರ ಕೀಗಳ ಮೇಲೆಯೇ ಇತ್ತು.

ಆಗ ಹೆಂಗಸು ಮೊದಲಿನಿಂದ ಎತ್ತಿದಳು.

“ದಾರಿ ದೂರ…”

ಅವಳು ನಿಂತಳು. ಆ ಬರಿದಾದ ಜಾಗ ಹಾಗೇ ತೆರೆದುಕೊಂಡಿತು. ನುಡಿಸುವವಳು ಎಡಗೈ ಎತ್ತಿದಳು. ಇಪ್ಪತ್ತೆರಡು ವರ್ಷ ಒಂದು ಕೀ ಮೇಲೆ ಕೂತು ಬೇರೇನೂ ಕಲಿಯದ ಕೈ. ಮೂರು ಸ್ವರ ಹುಡುಕಿತು. ಒಂದು ಬಿತ್ತು, ಎರಡನೆಯದು ತಡವರಿಸಿತು, ಮೂರನೆಯದು ತಡವಾಗಿ, ಒರಟಾಗಿ, ಪಕ್ಕದ ಕೀಗೂ ತಗುಲಿ ಬಿತ್ತು.

ತಪ್ಪಿತು, ಎಲ್ಲ ಹೋಯಿತು ಎಂದುಕೊಂಡಳು ನುಡಿಸುವವಳು.

ಆದರೆ ಹೆಂಗಸು ಕಾದಿದ್ದಳು. ಆ ಮೂರನೆಯ ಸ್ವರ ಬಂದು ಮುಟ್ಟುವವರೆಗೆ ಕಾದಿದ್ದು, ಆಮೇಲೆ ಮುಂದಿನದನ್ನು ಎತ್ತಿಕೊಂಡಳು. “ಹೊಳೆ ನೀರು…” ಈ ಸಲ ಎಡಗೈಗೆ ದಾರಿ ಸ್ವಲ್ಪ ತಿಳಿದಿತ್ತು. ಒಂದು, ಎರಡು, ಮೂರು. “ಮುಳ್ಳು ಕಲ್ಲು…” ಒಂದು, ಎರಡು, ಮೂರು. ತನ್ನ ಜೀವಮಾನದಲ್ಲಿ ಮೊದಲ ಸಲ ಒಬ್ಬರು ತನಗಾಗಿ ಕಾಯುತ್ತಿದ್ದಾರೆ, ತಾನು ಒಬ್ಬರಿಗಾಗಿ ಕಾಯುತ್ತಿದ್ದೇನೆ ಎಂದು ನುಡಿಸುವವಳಿಗೆ ಅನಿಸಿತು. ಕಣ್ಣು ಮಂಜಾಯಿತು. ಕೈ ಮಾತ್ರ ನಿಲ್ಲಲಿಲ್ಲ.

“ಹೊತ್ತು ಹೋಯ್ತು…”

ಒಂದು, ಎರಡು, ಮೂರು.

ಹಾಡು ಮುಗಿಯಿತು.

ಬಲಗಡೆಯಿಂದ ಒಬ್ಬ ಪಡುವಲ ಬೀದಿಯವನು ಮುಂದೆ ಬಂದ. ಗಟ್ಟಿಮುಟ್ಟಾದ ಆಳು, ಕೈಯಲ್ಲಿ ಕೋಲಿತ್ತು. ಅವನು ಜಗಳದ ವರ್ಷ ಹುಟ್ಟಿಯೇ ಇರಲಿಲ್ಲ. ಆದರೂ ಯಾವ ಮಾತು ಕೇಳಬೇಕೆನ್ನುವುದು ಅವನಿಗೆ ಗೊತ್ತಿತ್ತು.

“ಇದು ಯಾರ ತಾಳ?” ಎಂದ.

ಎಡಗಡೆಯಲ್ಲಿ ಬೆನ್ನ ಹಿಂದಿದ್ದ ಕೈಗಳು ಮುಂದೆ ಬಂದವು. ಕೋಲು, ಕಲ್ಲು, ಒನಕೆಯ ತುಂಡು. ನುಡಿಸುವವಳು ಕೀಬೋರ್ಡಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಹಾಲಯ್ಯನ ಹೆಂಡತಿ ಆ ಆಳಿನ ಕಡೆ ತಿರುಗಿದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅಂಗಳಕ್ಕೆ ಬಂದವರಿಗೆ ದಾರಿ ಹೇಳುವ ಹಾಗೆ ಹೇಳಿದಳು.

“ತಾಳ ಅಲ್ಲ ಕಣಪ್ಪಾ. ಕಾಲು. ಎಡಗಾಲು ಎಳೀತಿದ್ದರಲ್ಲ, ನೀನೂ ನೋಡಿದ್ದೀಯ. ನಿಮ್ಮ ಮನೆ ಮುಂದೇನೇ ದಿನಾ ಹೋಗ್ತಿದ್ದರು. ಆ ಕಾಲಿನದು ಇದು.”

ಆಳು ಚಟ್ಟದ ಕಡೆ ನೋಡಿದ. ಹೆಣದ ಪಾದಗಳು ಬಟ್ಟೆಯಿಂದ ಹೊರಗಿದ್ದವು, ಎಡಗಡೆಯದು ಒಳಕ್ಕೆ ತಿರುಗಿತ್ತು. ಅವನು ಬಹಳ ಹೊತ್ತು ನೋಡಿದ. ಅವನ ತುಟಿ ಅಲುಗಿದ್ದು ನುಡಿಸುವವಳಿಗೆ ಕಾಣಿಸಿತು. ಎಣಿಸುತ್ತಿದ್ದ. ನಾಲ್ಕು, ಆಮೇಲೆ ಮೂರು. ಎಷ್ಟೋ ಬೆಳಗು ತನ್ನ ಬಾಗಿಲ ಮುಂದೆ ಕೇಳಿದ ಕೋಲಿನ ಸದ್ದು.

“ಹೌದು” ಎಂದ. ಯಾರಿಗೂ ಹೇಳಿದ್ದಲ್ಲ, ಸುಮ್ಮನೆ. “ಹಿಂಗೇ ಬರ್ತಿತ್ತು.”

ಹೆಣ ಎತ್ತಬೇಕಾಯಿತು. ನಾಲ್ವರು ಹೆಗಲು ಕೊಟ್ಟರು, ಆದರೆ ಒಳಗಿನವರು ಸುಮ್ಮನಿದ್ದರು. ಯಾವ ಹೆಜ್ಜೆ ಮೊದಲು ಹಾಕಬೇಕೆಂದು ಯಾರಿಗೂ ತಿಳಿಯಲಿಲ್ಲ. ಒಬ್ಬ ಮುಂದೆ ಹೋದ, ಒಬ್ಬ ಹಿಂದೆ ಉಳಿದ. ಚಟ್ಟ ವಾಲಿತು. ಜನ ಹೋ ಎಂದರು. ಪಡುವಲ ಬೀದಿಯ ಆ ಆಳು ಕೋಲು ಬಿಸುಟು ಓಡಿಬಂದು ವಾಲಿದ ಮೂಲೆಗೆ ಹೆಗಲು ಕೊಟ್ಟ.

“ನಿಧಾನ” ಎಂದ ಮುಂದಿದ್ದ ಮೂಡಲ ಬೀದಿಯವನು.

“ನಿನ್ನ ಕಡೆ ಸ್ವಲ್ಪ ಎತ್ತು. ಹಾಂ, ಸಾಕು.”

“ಬಲಗಾಲು ಮೊದಲು ಇಡೋಣವಾ?”

“ಇಡು. ನಾನು ಬರ್ತೀನಿ.”

ಹೀಗೆ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತ, ತಡವರಿಸುತ್ತ, ಅಲ್ಲಲ್ಲಿ ನಿಂತು ಹೆಗಲು ಬದಲಿಸುತ್ತ ಹಾಲಯ್ಯನನ್ನು ಹೊಳೆಯ ಕಡೆಗೆ ಒಯ್ದರು. ಒಳಗಿನವರ ನಡೆಯಲ್ಲಿ ಹೋಗಿದ್ದರೆ ಇದರ ಅರ್ಧ ಹೊತ್ತು ಸಾಕಿತ್ತು. ಮಣ್ಣು ಮಾಡಿ ತಿರುಗಿ ಬರುವಾಗ ಹೊತ್ತು ಮುಳುಗುವುದಕ್ಕೆ ಒಂದು ಮಾರು ಉಳಿದಿತ್ತು.

ಕಟ್ಟಳೆ ಕಟ್ಟಳೆಯೇ. ಅದನ್ನು ಯಾರೂ ತೆಗೆದುಹಾಕಲಿಲ್ಲ. ಹಾಲಯ್ಯನ ಹೆಂಡತಿಯನ್ನು ಯಾರೂ ಏನೂ ಅನ್ನಲಿಲ್ಲ. ಅವಳ ಹಾಡು ನಡೆಯಿಂದ ತಪ್ಪಿತು ಎನ್ನಲು ನಡೆಯೇ ಇರಲಿಲ್ಲ ಎಂದು ಎರಡು ಬೀದಿಯ ಹಿರಿಯರೂ ತಲೆಯಾಡಿಸಿದರು. ಆದರೆ ನಡೆಯನ್ನು ಕತ್ತರಿಸಿದ್ದು ಎಲ್ಲರೂ ಕಂಡದ್ದು. ಅವರು ನುಡಿಸುವವಳ ಕಡೆ ನೋಡಲಿಲ್ಲ. ಅವಳೇ ಕೀಬೋರ್ಡಿಗೆ ಕೆಂಪು ಬಟ್ಟೆ ಹೊದಿಸಿ, ಮನೆಗೆ ಹೋಗಿ, ಎರಡು ಸೀರೆ ಒಂದು ಲೋಟ ಗಂಟು ಕಟ್ಟಿಕೊಂಡು ಹೊರಟಳು.

ಹಾಲಯ್ಯನ ಹೆಂಡತಿ ಓಡೋಡಿ ಬಂದು ದಾರಿಯಲ್ಲಿ ತಡೆದಳು. “ನಾನೂ ಬರ್ತೀನಿ ತಂಗಿ.”

“ನೀನು ಬಂದರೆ ಇಲ್ಲಿ ಅವರ ಹೆಸರು ಹೇಳೋರು ಯಾರಕ್ಕಾ? ಇರು.”

ಹೆಂಗಸು ತನ್ನ ಸೆರಗಿನ ಗಂಟಿನಿಂದ ಒಂದು ಹಿಡಿ ಹುರಿಗಡಲೆ ತೆಗೆದು ಅವಳ ಕೈಗೆ ಸುರಿದಳು. ಬೇರೇನೂ ಅವಳ ಬಳಿ ಇರಲಿಲ್ಲ.

ಬಡಗಣ ಬಾಗಿಲಿಗೆ ಎರಡು ಹಲಗೆ, ಒಂದು ಅಗುಳಿ. ಅಗುಳಿ ಹಾಕುವುದು ಯಜಮಾನನ ಕೆಲಸ. ಅವನು ಅಲ್ಲಿ ನಿಂತಿದ್ದ. ಸೂರ್ಯ ಗೋಡೆಯ ಮೇಲೆ ಕೂತಿದ್ದ. ನುಡಿಸುವವಳು ಅವನ ಕಾಲಿಗೆ ಬಾಗಿ, ಹೊಸ್ತಿಲು ದಾಟಿ, ಹತ್ತು ಹೆಜ್ಜೆ ಹೋದಳು. ಹಿಂದೆ ಅಗುಳಿಯ ಸದ್ದಿಗಾಗಿ ಕಾದಳು. ಅದು ಬರಲಿಲ್ಲ.

ತಿರುಗಿ ನೋಡಿದಳು. ಮುದುಕ ಹೊಸ್ತಿಲು ದಾಟಿ ಈಚೆಗೆ ಬಂದು ನಿಂತಿದ್ದ. ಒಂದು ಕೈ ಹಲಗೆಯ ಮೇಲೆ ಇತ್ತು.

“ಆ ಹನ್ನೊಂದರಲ್ಲಿ ಒಬ್ಬ ನನ್ನ ತಮ್ಮ” ಎಂದ. “ಅವನಿಗೆ ನಾನೇ ಹತ್ತಿರದವನು. ಹಾಡಲಿಲ್ಲ. ಅವತ್ತು ಹೆದರಿಕೆಯಾಗಿತ್ತು. ಆಮೇಲೆ ಕೀಬೋರ್ಡು ಬಂತು. ನಾನೇ ತರಿಸಿದ್ದು. ಅವನು ಎಮ್ಮೆ ಕರೆಯುವಾಗ ಒಂದು ಹಾಡು ಹೇಳುತ್ತಿದ್ದ. ನೂರರಲ್ಲಿ ಯಾವುದಕ್ಕೂ ಅದು ಕೂರುತ್ತಿರಲಿಲ್ಲ. ಎಲ್ಲದರಲ್ಲೂ ಹಾಕಿ ನೋಡಿದ್ದೇನೆ ತಾಯಿ, ಒಬ್ಬನೇ, ನಿನ್ನ ಅತ್ತೆಗೂ ತಿಳಿಯದ ಹಾಗೆ.”

ಮುದುಕ ಹಲಗೆಯಿಂದ ಕೈ ತೆಗೆದ. ಗಂಟಲು ಸರಿಮಾಡಿಕೊಂಡ. ಒಂದು ಸದ್ದು ಹೊರಟಿತು, ಒಡೆದುಹೋಯಿತು. ಮತ್ತೆ ಶುರು ಮಾಡಿದ, ಮತ್ತೆ ಒಡೆಯಿತು. ಅವನು ಗಾಬರಿಯಿಂದ ಅವಳ ಕಡೆ ನೋಡಿದ. ಬಾಗಿಲು ಅವನ ಬೆನ್ನ ಹಿಂದೆ ಹಾಗೇ ತೆರೆದಿತ್ತು. ಸೂರ್ಯ ಗೋಡೆಯಿಂದ ಕೆಳಗಿಳಿದ.

ಅವಳು ಗಂಟನ್ನು ನೆಲದ ಮೇಲಿಟ್ಟು, ಅದರ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತಳು.

“ನಿಧಾನಕ್ಕೆ ಹೇಳಿ” ಎಂದಳು. “ನನಗೆ ಹೋಗುವ ಆತುರವಿಲ್ಲ.”